ಪೆನ್ಸಿಲ್‌ನಲ್ಲಿ ಬರೆದ ಹಾಜರಿ

ಈ ಜನವರಿ 5ರ ಸಂಜೆ, ದೀಪ ಹಚ್ಚುವ ಹೊತ್ತಿಗೆ, ಪಕ್ಕದ ಮನೆ ಹುಡುಗಿ ಬಂದು ನಮ್ಮ ಜಗಲಿಯ ಮೇಲೆ ಕೂತಳು. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರ್. ಅದರೊಳಗೆ ಮಡಿಸಿಟ್ಟ ಯೂನಿಫಾರ್ಮ್.

"ಅಕ್ಕಾ, ಟ್ರೈನಿಂಗ್ ಮುಗೀತಂತೆ. ಈಗ ರೂಮೆಲ್ಲ ಖಾಲಿ, ಬೇಕಾದಾಗ ಫೋನ್ ಮಾಡ್ತೀವಿ ಅಂದ್ರು."

ದುಡ್ಡು ಕೊಟ್ಟರಾ ಅಂತ ಕೇಳಿದೆ. ಇಲ್ಲ ಅಂತ ತಲೆ ಅಲ್ಲಾಡಿಸಿದಳು. ಯೂನಿಫಾರ್ಮ್‌ಗೆ 600 ರೂಪಾಯಿ ಆಗುತ್ತದೆ, ಒಗೆದು ಇಸ್ತ್ರಿ ಮಾಡಿ ವಾಪಸ್ ಕೊಟ್ಟರೆ ಆ 600 ಕೇಳುವುದಿಲ್ಲ ಅಂದಿದ್ದಾರಂತೆ. ಕವರ್ ತಂದದ್ದು ಅದಕ್ಕೆ. ನಮ್ಮ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಇದೆ ಅಂತ ಅವಳಿಗೆ ಗೊತ್ತು.

ಅವಳು ಒಂದು ರೆಸಾರ್ಟಿಗೆ, ರೂಮ್ ಸ್ವಚ್ಛ ಮಾಡುವ ಕೆಲಸಕ್ಕೆ ಸೇರಿದ್ದು ಡಿಸೆಂಬರ್ 20ಕ್ಕೆ, ಶನಿವಾರ. ಹದಿನೈದು ದಿನ ಟ್ರೈನಿಂಗ್, ಆಗ ಸಂಬಳ ಇಲ್ಲ, ಆಮೇಲೆ ತಿಂಗಳಿಗೆ 16,000 ಅಂತ ಹೇಳಿದ್ದರು. ಈ ಸಲ ಕ್ರಿಸ್‌ಮಸ್ ಗುರುವಾರ ಬಂತು, ಹೊಸ ವರ್ಷವೂ ಗುರುವಾರವೇ. ಶುಕ್ರವಾರ ಒಂದು ದಿನ ರಜೆ ಹಾಕಿದರೆ ನಾಲ್ಕು ದಿನ ಸಿಗುತ್ತದೆ ಅಂತ ಬೆಂಗಳೂರಿನವರೆಲ್ಲ ಗಾಡಿ ಹತ್ತಿಕೊಂಡು ನಮ್ಮ ಮೂಡಿಗೆರೆ ಕಡೆ ಬಂದಿದ್ದರು. ಕೊಟ್ಟಿಗೆಹಾರದಲ್ಲಿ ನೀರುದೋಸೆಗೆ ಸಾಲು ನಿಂತಿದ್ದರು, ದೇವರಮನೆ ರಸ್ತೆಯಲ್ಲಿ ಕಾರು ತಿರುಗಿಸಲು ಜಾಗ ಇರಲಿಲ್ಲ. ಆ ದಿನಗಳಲ್ಲಿ ಆ ರೆಸಾರ್ಟಿನಲ್ಲಿ ಒಂದು ರೂಮೂ ಖಾಲಿ ಇರಲಿಲ್ಲ. ಜನವರಿ 4, ಭಾನುವಾರ, ಕೊನೆಯ ಗಾಡಿಗಳು ಹೊರಟವು. ಮಾರನೇ ದಿನ ಬೆಳಿಗ್ಗೆ ಇವಳ ಟ್ರೈನಿಂಗ್ ಮುಗಿಯಿತು. ಇವಳ ಜೊತೆ ಸೇರಿದ್ದ ಇನ್ನೂ ನಾಲ್ಕು ಜನರದ್ದೂ ಅವತ್ತೇ ಮುಗಿಯಿತು. ಹದಿನೈದು ದಿನ ಅಂತ ಹೇಳಿ ಹದಿನಾರು ದಿನ ಮಾಡಿಸಿಕೊಂಡಿದ್ದರು, ಆ ಹದಿನಾರನೇ ದಿನದ್ದೂ ಕೊಟ್ಟಿರಲಿಲ್ಲ.

ನನಗೆ ಅವತ್ತು ರಾತ್ರಿ ಊಟ ಸೇರಲಿಲ್ಲ. ಕಾರಣ ಇದೆ, ಆಮೇಲೆ ಹೇಳುತ್ತೇನೆ.

ಮೊದಲು ಈ ಕೆಲಸ ಏನು ಅಂತ ಹೇಳಬೇಕು. ಯಾಕಂದ್ರೆ "ಕಸ ಗುಡಿಸೋ ಕೆಲಸಕ್ಕೆ ಟ್ರೈನಿಂಗ್ ಬೇಕಾ" ಅಂತ ಕೇಳುವವರೂ ಇದ್ದಾರೆ, "ಅವರಿಗೆ ಕಲಿಸೋಕೆ ನಮಗೇ ಖರ್ಚು" ಅನ್ನುವವರೂ ಇದ್ದಾರೆ. ಇಬ್ಬರೂ ಒಂದು ದಿನ ಬಂದು ಚೆಕ್‌ಔಟ್ ಆದ ರೂಮ್ ನೋಡಬೇಕು.

ಬಾಗಿಲು ತೆಗೆದ ಕೂಡಲೇ ವಾಸನೆ ಹೊಡೆಯುತ್ತದೆ, ಮೊದಲು ಕಿಟಕಿ ತೆಗೆಯಬೇಕು. ಆಮೇಲೆ ಹಾಸಿಗೆ. ಬೆಡ್‌ಶೀಟ್ ಎಳೆಯುವ ಮುಂಚೆ ಕೊಡವಿ ನೋಡಬೇಕು. ಚಾರ್ಜರ್, ಕಿವಿಯೋಲೆ, ಮಗುವಿನ ಸಾಕ್ಸ್, ಏನಾದರೂ ಸಿಕ್ಕೇ ಸಿಗುತ್ತದೆ. ನೋಡದೆ ಗಂಟು ಕಟ್ಟಿ ಲಾಂಡ್ರಿಗೆ ಹಾಕಿದರೆ, ನಾಳೆ ಆ ಗೆಸ್ಟ್ ಫೋನ್ ಮಾಡಿದಾಗ ಎಲ್ಲರ ಕಣ್ಣು ಹೋಗುವುದು ರೂಮ್ ಮಾಡಿದವಳ ಮೇಲೆ. ಬಾತ್‌ರೂಮಿಗೆ ಹಾರ್ಪಿಕ್ ಹಾಕಿ ಬಿಟ್ಟು ಬಂದು, ಅದು ನೆನೆಯುವಷ್ಟರಲ್ಲಿ ಮೇಜು, ಟಿವಿ, ಫ್ಯಾನ್ ಧೂಳು ಹೊಡೆಯಬೇಕು. ಜಾಲರಿಯಲ್ಲಿ ಸಿಕ್ಕಿದ ಕೂದಲನ್ನು ಕೈಯಲ್ಲೇ ತೆಗೆಯಬೇಕು. ಕನ್ನಡಿಗೆ ಹಳೇ ಪೇಪರ್. ಕೆಟಲ್‌ನಲ್ಲಿ ಮ್ಯಾಗಿ ಬೇಯಿಸಿರುತ್ತಾರೆ, ತಳ ಉಜ್ಜಬೇಕು. ಕ್ಯಾಂಪ್‌ಫೈರ್ ಮಸಿ ಹತ್ತಿದ ಕಾಲಲ್ಲೇ ಹಾಸಿಗೆ ಹತ್ತಿರುತ್ತಾರೆ, ಜೀಪಿನಲ್ಲಿ ಗುಡ್ಡ ಹತ್ತಿ ಬಂದವರ ಬಟ್ಟೆಯ ಕೆಮ್ಮಣ್ಣು ಬಿಳಿ ಟವೆಲ್ಲಿಗೆ ಬಂದಿರುತ್ತದೆ. ಮಳೆಗಾಲವಾದರೆ ಇಂಬಳ ಕಚ್ಚಿದ ರಕ್ತ. ಅದನ್ನು ತಣ್ಣೀರಿಗೆ ಉಪ್ಪು ಹಾಕಿ ನೆನೆಸಬೇಕು, ಗೊತ್ತಿಲ್ಲದೆ ಬಿಸಿನೀರಿಗೆ ಹಾಕಿದರೆ ಕಲೆ ಕೂತೇಬಿಡುತ್ತದೆ, ಆ ಬೆಡ್‌ಶೀಟ್ ಮತ್ತೆ ಯಾವ ಗೆಸ್ಟಿಗೂ ಹಾಸುವ ಹಾಗಿಲ್ಲ. ಹೊಸ ಶೀಟ್ ಹಾಸುವಾಗ ಮೂಲೆಗಳನ್ನು ಲಕೋಟೆಯ ಹಾಗೆ ಮಡಿಸಿ ಹಾಸಿಗೆಯ ಕೆಳಗೆ ತುರುಕಬೇಕು, ಮೇಲೆ ಒಂದು ಸುಕ್ಕು ಇರಬಾರದು. ಕೊನೆಗೆ ನೆಲ. ಒಳಗಿನಿಂದ ಬಾಗಿಲ ಕಡೆಗೆ, ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಒರೆಸಿಕೊಂಡು ಬರಬೇಕು. ಇದೆಲ್ಲ ಹನ್ನೊಂದು ಗಂಟೆಗೆ ಒಬ್ಬರು ಹೋಗಿ ಒಂದು ಗಂಟೆಗೆ ಇನ್ನೊಬ್ಬರು ಬರುವುದರೊಳಗೆ ಆಗಬೇಕು, ಒಂದು ರೂಮಲ್ಲ, ನಾಲ್ಕೈದು.

ಇದನ್ನು ಕಲಿಯಲು ಎಷ್ಟು ದಿನ ಬೇಕು? ಚೆನ್ನಾಗಿ ಹೇಳಿಕೊಡುವ ಒಬ್ಬರು ಅಕ್ಕ ಜೊತೆಗಿದ್ದರೆ ಒಂದೂವರೆ ದಿನ. ಕೈ ಚುರುಕಾಗಲು ಎರಡು ವಾರ. ಆದರೆ ಆ ಎರಡು ವಾರ ಅವಳು ಸುಮ್ನೆ ನಿಂತು ನೋಡುತ್ತಿರುವುದಿಲ್ಲ, ನಿಧಾನವಾಗಿಯಾದರೂ ರೂಮ್ ಮಾಡುತ್ತಲೇ ಇರುತ್ತಾಳೆ. ನಮ್ಮ ಹುಡುಗಿಗೆ ಹೇಳಿಕೊಟ್ಟವಳು ನವೆಂಬರ್‌ನಲ್ಲಿ ಸೇರಿದ ಇನ್ನೊಬ್ಬ ಹುಡುಗಿ. ಮೊದಲನೇ ದಿನ ಅವಳ ಹಿಂದೆ ನಾಲ್ಕು ರೂಮ್ ಸುತ್ತಿದ್ದಾಳೆ. ಎರಡನೇ ದಿನ ಬೆಳಿಗ್ಗೆ ಕೈಗೆ ಬಕೆಟ್, ಮಾಪ್, ಆರು ರೂಮಿನ ಕೀ. ಅಲ್ಲಿಗೆ ಕಲಿಸುವುದು ಮುಗಿಯಿತು.

ಅವಳ ಹತ್ತಿರ ಒಂದು ನೋಟ್‌ಬುಕ್ ಇತ್ತು. ಪಿಯುಸಿಯ ಅಕೌಂಟೆನ್ಸಿ ಪುಸ್ತಕ, ಹಿಂದಿನ ಹಾಳೆಗಳು ಖಾಲಿ ಇದ್ದವು. ಅದರಲ್ಲಿ ದಿನಾ ತಾರೀಕು ಹಾಕಿ, ಯಾವ ರೂಮ್ ಮಾಡಿದೆ, ಎಷ್ಟು ಗಂಟೆಗೆ ಒಳಗೆ ಹೋದೆ, ಎಷ್ಟಕ್ಕೆ ಹೊರಗೆ ಬಂದೆ, ಏನು ಸಿಕ್ಕಿತು, ಯಾರ ಕೈಗೆ ಕೊಟ್ಟೆ ಅಂತ ಬರೆದಿದ್ದಳು. ಸಂಬಳಕ್ಕೆ ಅಂತ ಬರೆದದ್ದಲ್ಲ. ಏನಾದರೂ ಕಳೆದುಹೋದರೆ ತನ್ನ ಮೇಲೆ ಬರಬಾರದು ಅಂತ ಹೆದರಿ ಬರೆದದ್ದು. ಇಬ್ಬರೂ ಕೂತು ಕೂಡಿದೆವು. ಹದಿನಾರು ದಿನಕ್ಕೆ 94 ರೂಮ್. ಆ 94 ರೂಮಿಗೂ ಯಾರೋ ಪೂರ್ತಿ ಬಾಡಿಗೆ ಕೊಟ್ಟಿದ್ದಾರೆ. ಟ್ರೈನಿಂಗ್‌ನಲ್ಲಿರುವ ಹುಡುಗಿ ಸ್ವಚ್ಛ ಮಾಡಿದ ರೂಮ್ ಅಂತ ಯಾವ ಗೆಸ್ಟಿಗೂ ಒಂದು ರೂಪಾಯಿ ಕಡಿಮೆ ಮಾಡಿರುವುದಿಲ್ಲ ಅಲ್ವಾ? ನನ್ನ ಇಡೀ ಮಾತು ಇರುವುದು ಇಷ್ಟರಲ್ಲೇ. ಮಾರಾಟವಾದ ರೂಮನ್ನು ಸ್ವಚ್ಛ ಮಾಡಿದರೆ ಅದು ಕೆಲಸ. ಅದಕ್ಕೆ ಮೊದಲ ದಿನದಿಂದಲೇ ಕೂಲಿ ಕೊಡಬೇಕು.

ಈಗ ನನಗೆ ಊಟ ಸೇರದ ಕಾರಣ.

2017ರ ದಸರಾದಿಂದ 2020ರ ಮಾರ್ಚ್‌ವರೆಗೆ, ಲಾಕ್‌ಡೌನ್ ಬಂದು ಬಾಗಿಲು ಹಾಕುವವರೆಗೆ, ನಾನು ಇನ್ನೊಂದು ರೆಸಾರ್ಟಿನ ಹೌಸ್‌ಕೀಪಿಂಗ್‌ನಲ್ಲಿದ್ದೆ. ಮೊದಲ ಸೀಸನ್ ರೂಮ್ ಮಾಡಿದೆ, ಆಮೇಲೆ ಸೂಪರ್‌ವೈಸರ್ ಆದೆ. ಅಲ್ಲಿ ಎರಡು ಪುಸ್ತಕ ಇದ್ದವು. ಒಂದು ಮಸ್ಟರ್ ರೋಲ್, ಕೆಂಪು ಗೆರೆಯ ದೊಡ್ಡ ಪುಸ್ತಕ, ಅದರಲ್ಲಿ ಕಾಯಂ ಇದ್ದವರ ಹಾಜರಿ, ಪೆನ್ನಿನಲ್ಲಿ. ಇನ್ನೊಂದು ನೂರು ಪುಟದ ಎಕ್ಸರ್‌ಸೈಜ್ ಪುಸ್ತಕ, ಅದರಲ್ಲಿ ಟ್ರೈನಿಂಗ್‌ನವರ ಹೆಸರು, ಪೆನ್ಸಿಲ್‌ನಲ್ಲಿ. ಹತ್ತು ದಿನ ದಾಟಿ ಉಳಿದವರ ಹೆಸರು ದೊಡ್ಡ ಪುಸ್ತಕಕ್ಕೆ ಹೋಗುತ್ತಿತ್ತು. ಹತ್ತು ದಿನದೊಳಗೆ ಬಿಟ್ಟವರದ್ದು, ಕಳಿಸಿದವರದ್ದು ಎಲ್ಲಿಗೂ ಹೋಗುತ್ತಿರಲಿಲ್ಲ. ಸೀಸನ್ ಮುಗಿದ ಮೇಲೆ ರಬ್ಬರ್ ಹಿಡಿದು ಅಳಿಸಿ, ಮುಂದಿನ ಸೀಸನ್‌ಗೆ ಅದೇ ಪುಸ್ತಕ. ಒತ್ತಿ ಬರೆದ ಕಡೆ ಹಳೇ ಹೆಸರು ಹಾಳೆಯ ಮೇಲೆ ಹಾಗೇ ಕಾಣುತ್ತಿತ್ತು. ಅದರ ಮೇಲೇ ಹೊಸ ಹೆಸರು ಬರೆಯುತ್ತಿದ್ದೆ.

ಬರೆದವಳೂ ನಾನೇ, ಅಳಿಸಿದವಳೂ ನಾನೇ. ಮೇಲಿನವರು ಹೇಳಿದ್ದರು, ಮಾಡಿದೆ. ಆಗ ನನಗೆ ಇದು ತಪ್ಪು ಅಂತ ಅನ್ನಿಸಿರಲಿಲ್ಲ ಅಂತ ಹೇಳಿದರೆ ಅದು ಸುಳ್ಳು. ಅನ್ನಿಸಿತ್ತು. ಮನೆಗೆ ದುಡ್ಡು ಬೇಕಿತ್ತು, ಬಾಯಿ ಮುಚ್ಚಿಕೊಂಡಿದ್ದೆ.

ಈಗ ನಮ್ಮದೇ ಮೂರು ರೂಮಿನ ಹೋಮ್‌ಸ್ಟೇ ಇದೆ. ಇಬ್ಬರು ಹೆಂಗಸರು ಕೆಲಸಕ್ಕೆ ಬರುತ್ತಾರೆ. ಹಾಗಾಗಿ ಮಾಲೀಕರು ಹೇಳುವ ಮಾತು ನನಗೆ ಗೊತ್ತಿಲ್ಲದ್ದಲ್ಲ. ಅವರು ಹೇಳುವುದು ಹೀಗೆ: "ನಾವು ಕಷ್ಟಪಟ್ಟು ಕಲಿಸ್ತೀವಿ. ನಾಲ್ಕು ದಿನ ಇದ್ದು ಹೇಳದೆ ಕೇಳದೆ ಹೋಗಿಬಿಡ್ತಾರೆ. ಕಲಿಸಿದ್ದೆಲ್ಲ ನೀರುಪಾಲು. ಹಾಗಿದ್ದ ಮೇಲೆ ಮೊದಲ ದಿನದಿಂದ ಯಾಕೆ ಕೊಡಬೇಕು?"

ಹೋಗುವುದು ನಿಜ. ನಾನೂ ಕಂಡಿದ್ದೇನೆ. ಹೊಸಬರು ಬಂದಾಗ ಎರಡು ದಿನ ನನ್ನ ಅರ್ಧ ಹೊತ್ತು ಅವರ ಹಿಂದೆಯೇ ಹೋಗುತ್ತದೆ, ಒಗೆದ ಶೀಟನ್ನೇ ಮತ್ತೆ ಒಗೆಯಬೇಕಾಗುತ್ತದೆ, ಹೋದ ವರ್ಷ ಒಂದು ಕೆಟಲ್ ಸುಟ್ಟಿತು. ಇದು ಖರ್ಚೇ, ಇಲ್ಲ ಅನ್ನುವುದಿಲ್ಲ. ಆದರೆ ಇದು ಹೋಮ್‌ಸ್ಟೇ ನಡೆಸುವ ಖರ್ಚು. ಗೀಸರ್ ರಿಪೇರಿ ಹಾಗೆ, ಬುಕಿಂಗ್ ಆ್ಯಪ್‌ನವರ ಕಮಿಷನ್ ಹಾಗೆ. ಕಮಿಷನ್ ಜಾಸ್ತಿ ಆಯಿತು ಅಂತ ನಾವು ಆ್ಯಪ್‌ನವರಿಗೆ ಮೊದಲ ಹತ್ತು ಬುಕಿಂಗ್‌ಗೆ ದುಡ್ಡು ಕೊಡಲ್ಲ ಅಂತ ಹೇಳುತ್ತೇವಾ? ಹೇಳಲು ಆಗುವುದಿಲ್ಲ. ಹೇಳಲು ಆಗುವುದು ಪಕ್ಕದ ಊರಿನ ಬಡ ಹೆಂಗಸಿಗೆ ಮಾತ್ರ. ಅದಕ್ಕೇ ಅವಳಿಗೆ ಹೇಳುತ್ತೇವೆ.

ಯಾಕೆ ಹೋಗುತ್ತಾರೆ ಅನ್ನುವುದನ್ನೂ ನೋಡಬೇಕು. ನಮ್ಮ ಕಡೆ ಟೂರಿಸ್ಟ್ ಸೀಸನ್ನೂ ಕಾಫಿ ಕುಯ್ಲೂ ಒಟ್ಟಿಗೇ ಬರುತ್ತವೆ. ನವೆಂಬರ್‌ನಿಂದ ಅರೇಬಿಕಾ, ಅದು ಮುಗಿಯುವಷ್ಟರಲ್ಲಿ ರೋಬಸ್ಟಾ, ಮಾರ್ಚ್‌ವರೆಗೂ ತೋಟದಲ್ಲಿ ಕೈಗೆ ಕೆಲಸ ಇರುತ್ತದೆ. ಕುಯ್ಲಿಗೆ ಕೆಜಿ ಲೆಕ್ಕ. ಸಂಜೆ ತೂಕ ಹಾಕುತ್ತಾರೆ, ರೈಟರ್ ಬರೆದುಕೊಳ್ಳುತ್ತಾರೆ, ವಾರಕ್ಕೊಮ್ಮೆ ಬಟವಾಡೆ. ಮೊದಲ ದಿನ ಕುಯ್ಯಲು ಬಂದವಳು ಹಸಿರು ಕಾಯಿ ಸೇರಿಸಿ ಕುಯ್ದರೆ ಮೇಸ್ತ್ರಿ ಬೈಯುತ್ತಾನೆ, ಆದರೂ ಕುಯ್ದಷ್ಟು ಹಣ್ಣಿಗೆ ಕೂಲಿ ಕೊಡುತ್ತಾರೆ. ತೋಟದಲ್ಲಿ ಬೇರೆ ಕಷ್ಟ ಇಲ್ಲ ಅಂತಲ್ಲ, ಅದನ್ನು ಬರೆದರೆ ಇನ್ನೊಂದು ಪೋಸ್ಟ್ ಆಗುತ್ತದೆ. ಆದರೆ ಕುಯ್ಲಿಗೆ ಟ್ರೈನಿಂಗ್ ಅಂತ ಹತ್ತು ದಿನ ಬಿಟ್ಟಿ ಮಾಡಿಸಿಕೊಂಡದ್ದನ್ನು ನಾನು ಎಲ್ಲೂ ಕಂಡಿಲ್ಲ. ಹಾಗಿರುವಾಗ ಒಬ್ಬ ಹೆಂಗಸು ಏನು ಮಾಡುತ್ತಾಳೆ? ಮೂರು ದಿನ ರೆಸಾರ್ಟಿಗೆ ಹೋಗುತ್ತಾಳೆ. ನಾಲ್ಕನೇ ದಿನ ಸಂತೆ. ಕೈಯಲ್ಲಿ ಕಾಸಿಲ್ಲ. ಪಕ್ಕದ ಮನೆಯವಳು ಬಟವಾಡೆ ತಗೊಂಡು ಮೀನು, ಬೆಲ್ಲ, ಮಕ್ಕಳಿಗೆ ಬಿಸ್ಕತ್ತು ಹಿಡಿದು ಬರುತ್ತಾಳೆ. ಐದನೇ ದಿನ ಇವಳೂ ಸೊಂಟಕ್ಕೆ ಕುಕ್ಕೆ ಕಟ್ಟಿಕೊಂಡು ತೋಟಕ್ಕೆ ಹೋಗುತ್ತಾಳೆ. ರೆಸಾರ್ಟಿನವರು "ನೋಡಿ, ಹೇಳದೆ ಹೋದಳು" ಅನ್ನುತ್ತಾರೆ.

ಅಂದರೆ ಸಂಬಳ ಕೊಡದೆ ಇರುವುದರಿಂದ ಜನ ಬಿಡುತ್ತಾರೆ, ಜನ ಬಿಡುತ್ತಾರೆ ಅಂತ ಸಂಬಳ ಕೊಡುವುದಿಲ್ಲ. ಈ ಸುತ್ತು ಎಲ್ಲಾದರೂ ಕಡಿಯಬೇಕಾದರೆ ಕಡಿಯಬೇಕಾದವರು ಗಲ್ಲಾಪೆಟ್ಟಿಗೆ ಯಾರ ಹತ್ತಿರ ಇದೆಯೋ ಅವರೇ.

ಇನ್ನೂ ಒಂದು ಇದೆ, ಇದನ್ನು ಹೇಳಲೇಬೇಕು. ಕೆಲವು ಕಡೆ ಜನ ಬಿಟ್ಟುಹೋಗುವುದು ತೊಂದರೆಯೇ ಅಲ್ಲ, ಅದರಲ್ಲೇ ಅವರ ಲಾಭ ಇದೆ. ದಸರಾಕ್ಕೆ ಒಂದು ತಂಡ, ದೀಪಾವಳಿಗೆ ಒಂದು ತಂಡ, ಡಿಸೆಂಬರ್ ಕೊನೆಗೆ ಒಂದು ತಂಡ, ಏಪ್ರಿಲ್ ಮೇನಲ್ಲಿ ಮತ್ತೊಂದು. ಪ್ರತಿ ತಂಡಕ್ಕೂ ಹತ್ತು ಹದಿನೈದು ದಿನ ಟ್ರೈನಿಂಗ್. ರಶ್ ಮುಗಿದ ಕೂಡಲೇ ಮನೆಗೆ. ಪೆನ್ಸಿಲ್ ಪುಸ್ತಕ ನಾನೇ ಬರೆಯುತ್ತಿದ್ದುದರಿಂದ ನನಗೆ ಇದು ಕಣ್ಣಿಗೆ ಕಟ್ಟಿದ ಹಾಗೆ ಗೊತ್ತು. ಜನ ಬೇಕಾಗಿದ್ದ ವಾರಗಳಲ್ಲಿ ಮಾತ್ರ ಅದರ ಪುಟ ತುಂಬುತ್ತಿತ್ತು. ಅಸ್ಸಾಂ, ಜಾರ್ಖಂಡ್ ಕಡೆಯಿಂದ ಬಂದವರ ಪಾಡು ಇನ್ನೂ ಕಷ್ಟ. ನಮ್ಮೂರಿನವಳು ಬೇಸರವಾದರೆ ಬಸ್ ಹತ್ತಿ ಮನೆಗೆ ಬರುತ್ತಾಳೆ. ಅವರು ಎಲ್ಲಿಗೆ ಹೋಗಬೇಕು? ಊಟ, ಇರಲು ಜಾಗ ಕೊಟ್ಟಿದ್ದೇವಲ್ಲ ಅಂತ ಅದನ್ನೇ ಸಂಬಳದ ಲೆಕ್ಕಕ್ಕೆ ಹಿಡಿಯುತ್ತಾರೆ.

ಕಾನೂನು ಏನು ಹೇಳುತ್ತದೆ ಅಂತ ಓದಿಕೊಂಡೆ. ರಾತ್ರಿ ಎರಡು ದಿನ ಕೂತು ಓದಿದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರಲ್ಲಿ ಸರ್ಕಾರ ನಿಗದಿ ಮಾಡಿದ ಕನಿಷ್ಠ ವೇತನಕ್ಕಿಂತ ಕಡಿಮೆ ಯಾರಿಗೂ ಕೊಡುವ ಹಾಗಿಲ್ಲ. ನೌಕರ ಅನ್ನುವುದರಿಂದ ಹೊರಗಿಟ್ಟಿರುವುದು 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ತಗೊಂಡ ಅಪ್ರೆಂಟಿಸ್‌ಗಳನ್ನು. ಅವರದ್ದು ಬೇರೆ ವ್ಯವಸ್ಥೆ, ಬರವಣಿಗೆಯ ಒಪ್ಪಂದ ಇರಬೇಕು, ಅದು ನೋಂದಣಿ ಆಗಬೇಕು, ಅವರಿಗೂ ಸ್ಟೈಪೆಂಡ್ ಕೊಡಬೇಕು. ರಿಸೆಪ್ಷನ್‌ನಲ್ಲಿ ನಿಂತು ಬಾಯಿಮಾತಿನಲ್ಲಿ "ನೀನು ಟ್ರೈನಿ" ಅಂದ ಮಾತ್ರಕ್ಕೆ ಯಾರೂ ಅಪ್ರೆಂಟಿಸ್ ಆಗುವುದಿಲ್ಲ. ಕೆಲಸದಿಂದ ತೆಗೆದರೂ, ತಾನೇ ಬಿಟ್ಟರೂ, ಬಾಕಿ ಸಂಬಳ ಎರಡು ಕೆಲಸದ ದಿನದೊಳಗೆ ಕೈಗೆ ಬರಬೇಕು. ಕೊಡದಿದ್ದರೆ ಮೂರು ವರ್ಷದೊಳಗೆ ಅರ್ಜಿ ಹಾಕಬಹುದು. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದು: ಸಂಬಳ ಕೊಟ್ಟಿಲ್ಲ ಅಂತ ಅರ್ಜಿ ಹೋದರೆ, ಕೊಟ್ಟಿದ್ದೇವೆ ಅಂತ ತೋರಿಸಬೇಕಾದವರು ಮಾಲೀಕರು. ಕೊಟ್ಟಿಲ್ಲ ಅಂತ ಅವಳು ಸಾಬೀತು ಮಾಡುತ್ತಾ ಅಲೆಯಬೇಕಾಗಿಲ್ಲ.

ಇದಕ್ಕಿಂತ ಹಳೆಯದೂ ಒಂದಿದೆ. 1982ರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ಗೆ ಸ್ಟೇಡಿಯಂ, ರಸ್ತೆ ಕಟ್ಟಿದ ಕೂಲಿಯವರ ಕೇಸಿನಲ್ಲಿ ಸುಪ್ರೀಂ ಕೋರ್ಟು ಒಂದು ಮಾತು ಹೇಳಿತು. ಸಂವಿಧಾನದ 23ನೇ ವಿಧಿ ಬಿಟ್ಟಿ ಚಾಕರಿಯನ್ನು ನಿಷೇಧಿಸುತ್ತದೆ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸಿಕೊಂಡರೆ ಅದೂ ಬಲವಂತದ ದುಡಿಮೆಯೇ. ಹಸಿವಿನಿಂದ, ಬಡತನದಿಂದ, ಬೇರೆ ದಾರಿ ಕಾಣದೆ ಒಪ್ಪಿಕೊಂಡಿದ್ದರೆ ಆ ಒಪ್ಪಿಗೆಯ ಹಿಂದೆಯೂ ಬಲವಂತ ಇದೆ. ಬಿಟ್ಟಿ ಅನ್ನುವ ಪದ ನಮ್ಮ ಅಜ್ಜಿಯ ಬಾಯಲ್ಲಿ ಕೇಳಿದ್ದೆ. ಅವರ ಕಾಲದಲ್ಲಿ ದೊಡ್ಡ ಮನೆಗೆ ಬಿಟ್ಟಿ ಹೋಗುವುದು ಅಂದರೆ ಏನು ಅಂತ ಹೇಳುತ್ತಿದ್ದರು. ಅದೇ ಪದ ಈ ಹುಡುಗಿಯ ಯೂನಿಫಾರ್ಮ್ ಇಸ್ತ್ರಿ ಮಾಡುತ್ತಾ ಮತ್ತೆ ನೆನಪಾಗಬೇಕಾಯಿತು.

ಜನವರಿ 8ಕ್ಕೆ ನಾನು, ಹುಡುಗಿ, ಅವಳ ಅಮ್ಮ ಮೂವರೂ ಹೋದೆವು. ಅಮ್ಮ ಬರಲು ಒಪ್ಪಿರಲಿಲ್ಲ. "ಬೇಡ ಕಣಮ್ಮ, ಜಗಳ ಮಾಡಿದ್ರೆ ಮುಂದಿನ ಸೀಸನ್‌ಗೆ ಯಾರೂ ಕರೆಯಲ್ಲ. ಒಬ್ಬರಿಗೊಬ್ಬರು ಫೋನ್ ಮಾಡಿ ಹೇಳ್ತಾರೆ" ಅಂತಿದ್ದರು. ಆ ಹೆದರಿಕೆ ಸುಳ್ಳಲ್ಲ. ಮ್ಯಾನೇಜರ್‌ಗಳೆಲ್ಲ ಒಂದೇ ವಾಟ್ಸಾಪ್ ಗ್ರೂಪಿನಲ್ಲಿರುತ್ತಾರೆ. ಜೊತೆಗೆ ಸೇರಿದ್ದ ನಾಲ್ಕು ಜನರಲ್ಲಿ ಯಾರೂ ಬರದೆ ಇದ್ದದ್ದು ಅದಕ್ಕೇ. ಅವರ ಮೇಲೆ ನನಗೆ ಕೋಪ ಇಲ್ಲ.

ಮ್ಯಾನೇಜರ್ ಕುರ್ಚಿ ಕೊಟ್ಟರು, ಕಾಫಿ ತರಿಸಿದರು. ಆಮೇಲೆ, "ಮೇಡಂ, ಟ್ರೈನಿಂಗ್‌ಗೆ ಸಂಬಳ ಇಲ್ಲ ಅಂತ ಮೊದಲೇ ಹೇಳಿದ್ವಿ. ಒಪ್ಕೊಂಡೇ ಬಂದಿದ್ದಾಳೆ" ಅಂದರು.

"ಸರ್, 25ನೇ ತಾರೀಕು ಅವಳು ಎಂಟು ರೂಮ್ ಮಾಡಿದ್ದಾಳೆ. ಅವತ್ತು ಅವಳಿಗೆ ಯಾರು ಕಲಿಸ್ತಿದ್ರು?" ಅಂತ ಕೇಳಿ ನೋಟ್‌ಬುಕ್ ಮುಂದೆ ಇಟ್ಟೆ.

ಅವರು ಹಾಳೆ ತಿರುಗಿಸಿದರು. 31ನೇ ತಾರೀಕಿನ ಪುಟದಲ್ಲಿ ನಿಂತರು. ಅಲ್ಲಿ ಹೀಗೆ ಬರೆದಿತ್ತು: ರಾತ್ರಿ 1:20, ಕಾಟೇಜ್ 3, ಬಾತ್‌ರೂಮಿನಲ್ಲಿ ವಾಂತಿ, ಮತ್ತೆ ಕ್ಲೀನ್ ಮಾಡಿದೆ. ಮ್ಯಾನೇಜರ್ ಏನೂ ಹೇಳಲಿಲ್ಲ. ಅವರದ್ದೂ ಸಂಬಳದ ಕೆಲಸವೇ, ಮಾಲೀಕರಿರುವುದು ಬೆಂಗಳೂರಿನಲ್ಲಿ. ಸ್ವಲ್ಪ ಹೊತ್ತಾದ ಮೇಲೆ ಖರ್ಚಿಗೆ ಅಂತ 3,000 ಕೊಡಿಸುತ್ತೇನೆ ಅಂದರು. ಖರ್ಚಿಗೆ ಬೇಡ, ಸಂಬಳ ಕೊಡಿ, ಇಲ್ಲದಿದ್ದರೆ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗುತ್ತೇವೆ ಅಂತ ಹೇಳಿ ಎದ್ದು ಬಂದೆವು. ಯೂನಿಫಾರ್ಮ್ ಮೇಜಿನ ಮೇಲೆ ಇಟ್ಟು, ವಾಪಸ್ ತಗೊಂಡಿದ್ದೇವೆ ಅಂತ ಒಂದು ಚೀಟಿಯಲ್ಲಿ ಬರೆಸಿ ಸಹಿ ಹಾಕಿಸಿಕೊಂಡೆವು. ಆ ಚೀಟಿಯೇ ಅವಳು ಅಲ್ಲಿ ಕೆಲಸ ಮಾಡಿದ್ದಕ್ಕೆ ಇರುವ ಒಂದೇ ಕಾಗದ.

12ನೇ ತಾರೀಕು ಸಂಜೆ ಫೋನ್‌ಪೇಗೆ 8,533 ರೂಪಾಯಿ ಬಂತು. 16,000ವನ್ನು ಮೂವತ್ತರಿಂದ ಭಾಗಿಸಿ ಹದಿನಾರು ದಿನಕ್ಕೆ ಲೆಕ್ಕ ಹಾಕಿದ್ದಾರೆ. ಆದರೆ ಮೂವತ್ತು ದಿನದಲ್ಲಿ ವಾರದ ರಜೆಯೂ ಸೇರಿರುತ್ತದೆ, ಅವಳು ಹದಿನಾರು ದಿನದಲ್ಲಿ ಒಂದು ದಿನವೂ ರಜೆ ತಗೊಂಡಿಲ್ಲ. ಆ ರಜೆಗಳನ್ನು ಕಳೆದು ಉಳಿಯುವ ಇಪ್ಪತ್ತಾರರಿಂದ ಭಾಗಿಸಿದರೆ 9,846 ಆಗುತ್ತದೆ. ಇನ್ನೂ 1,313 ರೂಪಾಯಿ ಬರಬೇಕು. ಹುಡುಗಿ ಸಾಕು ಅಕ್ಕಾ ಅಂದಳು. ಅವಳ ಅಮ್ಮನೇ, ಬರುವುದೇ ಬೇಡ ಅಂತಿದ್ದವರು, "ಯಾಕೆ ಸಾಕು? ಎರಡು ದಿನದ ಕೂಲಿ ಅದು" ಅಂದರು. ಅರ್ಜಿ ಬರೆದಿಟ್ಟಿದ್ದೇನೆ. ಬಾಕಿ ನಾಲ್ಕು ಜನರಲ್ಲಿ ಇಬ್ಬರು ಈಗ ಫೋನ್ ಮಾಡಿ, ನಮ್ಮದೂ ಬರೆಯಿರಿ ಅಂದಿದ್ದಾರೆ. ಮೂರೂ ಸೇರಿಸಿ ಕೊಡುತ್ತೇವೆ.

ಈ ಕೆಲಸಕ್ಕೆ ಹೋಗುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಅಥವಾ ನಿಮ್ಮ ಮನೆಯವರು ಯಾರಾದರೂ ಹೋಗುತ್ತಿದ್ದರೆ, ದಯವಿಟ್ಟು ಬರೆದಿಡಿ. ಪುಸ್ತಕ ಇಲ್ಲದಿದ್ದರೆ ದಿನಾ ಸಂಜೆ ಸೂಪರ್‌ವೈಸರ್‌ಗೆ ವಾಟ್ಸಾಪ್‌ನಲ್ಲಿ "ಇವತ್ತು 2, 5, 6, 9ನೇ ರೂಮ್ ಮುಗಿಸಿದೆ ಮೇಡಂ" ಅಂತ ಒಂದು ಮೆಸೇಜ್ ಹಾಕಿ. ಜಗಳದ ಮಾತಲ್ಲ ಅದು, ಮರ್ಯಾದೆಯ ಮಾತೇ. ಆದರೆ ತಾರೀಕು, ಟೈಮು ಎಲ್ಲ ಅದರಲ್ಲೇ ಉಳಿಯುತ್ತದೆ. ಸೇರುವ ದಿನವೇ ದಿನಕ್ಕೆ ಎಷ್ಟು, ಯಾವಾಗ ಕೊಡುತ್ತೀರಿ ಅಂತ ಕೇಳಿ. ಏಜೆಂಟ್ ಮೂಲಕ ಹೋದರೆ ಅವನ ಫೋನ್ ನಂಬರ್ ಮಾತ್ರ ಅಲ್ಲ, ನೀವು ರೂಮ್ ಮಾಡುತ್ತಿರುವ ಜಾಗದ ಹೆಸರನ್ನೂ ಬರೆದುಕೊಳ್ಳಿ, ಏಜೆಂಟ್ ಕೊಡದಿದ್ದರೆ ಆ ಜಾಗದ ಮಾಲೀಕರೂ ಕೊಡಬೇಕಾಗುತ್ತದೆ. ಹೋಟೆಲ್ ಕೆಲಸಕ್ಕೆ ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನ ಇದೆ, ಅದರ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ಗೆ ಬದಲಾಗುತ್ತದೆ, ಆ ವರ್ಷದ್ದು ಎಷ್ಟು ಅಂತ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ.

ಹೋಮ್‌ಸ್ಟೇ ನಡೆಸುವ ನನ್ನಂಥವರಿಗೂ ಒಂದು ಮಾತು. ನಮ್ಮಲ್ಲಿ ಸಂತೆಯ ಹಿಂದಿನ ಸಂಜೆ ಬಟವಾಡೆ, ಮೊದಲ ದಿನದಿಂದಲೇ ಪೂರ್ತಿ. ಸೀಸನ್ ಕೊನೆವರೆಗೆ ಇದ್ದವರಿಗೆ ಕೊನೆಗೆ ಒಂದು ವಾರದ ಕೂಲಿ ಜಾಸ್ತಿ. ಕುಯ್ಲು ಜೋರಿರುವ ದಿನ ಬೆಳಿಗ್ಗೆ ತೋಟಕ್ಕೆ ಹೋಗಿ ಎರಡು ಗಂಟೆಗೆ ಬರುತ್ತೇನೆ ಅಂದರೆ ಬರಲಿ, ಆ ದಿನ ಚೆಕ್‌ಇನ್ ಅನ್ನು ನಾನು ನಾಲ್ಕು ಗಂಟೆಗೆ ಇಡುತ್ತೇನೆ. ಇಬ್ಬರೂ ನಾಲ್ಕನೇ ವರ್ಷ ನಮ್ಮ ಜೊತೆಗಿದ್ದಾರೆ. ಹೊಸಬರು ಬಂದರೆ ಈಗ ನನ್ನ ಜೊತೆ ಅವರೂ ಕಲಿಸುತ್ತಾರೆ, ಉಪ್ಪುನೀರಿನ ವಿಷಯದಿಂದ ಶುರುಮಾಡಿ.

ಹುಡುಗಿ ಈಗ ರೋಬಸ್ಟಾ ಕುಯ್ಲಿಗೆ ಹೋಗುತ್ತಿದ್ದಾಳೆ. ರೂಮ್ ಕೆಲಸ ಬಿಡಲ್ಲ ಅಕ್ಕಾ, ಕಲಿತಿದ್ದೀನಿ, ಏಪ್ರಿಲ್‌ಗೆ ಬೇರೆ ಕಡೆ ಕೇಳಿಕೊಂಡೇ ಸೇರುತ್ತೀನಿ ಅಂತಾಳೆ.

ಆ ಪೆನ್ಸಿಲ್ ಪುಸ್ತಕ ಈಗ ನನ್ನ ಹತ್ತಿರ ಇಲ್ಲ. ಇದ್ದಿದ್ದರೂ ಅರ್ಜಿ ಹಾಕುವ ಕಾಲ ಯಾವತ್ತೋ ಮುಗಿದಿದೆ. ನೆನಪಿಗೆ ಬಂದ ಹೆಸರು ಒಂದು ಹಾಳೆಯಲ್ಲಿ ಬರೆದೆ, ಏಳು ಹೆಸರು ಬಂದವು. ಅದರಲ್ಲಿ ಒಬ್ಬರು ಅಕ್ಕ ಈಗ ಸಂತೆಯಲ್ಲಿ ಸೊಪ್ಪು ಮಾರುತ್ತಾರೆ. ಹೋದ ವಾರ ಅವರ ಮುಂದೆ ಕೂತು ಎಲ್ಲ ಹೇಳಿದೆ. ನಿಮ್ಮ ಒಂಬತ್ತು ದಿನದ ಹಾಜರಿ ಅಳಿಸಿದವಳು ನಾನೇ ಅಕ್ಕಾ, ಆ ದುಡ್ಡು ನಾನೇ ಕೊಡುತ್ತೇನೆ ಅಂದೆ. ಅವರು ಸಬ್ಬಸಿಗೆ ಕಟ್ಟಿಗೆ ನೀರು ಚಿಮುಕಿಸುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಒಂಬತ್ತಲ್ಲ, ಹತ್ತು" ಅಂದರು. "ದೀಪಾವಳಿ ದಿನವೂ ಬಂದಿದ್ದೆ."